ಹಾಡುವ ಮೊದಲು ಅಟ್ಟಕ್ಕೆ ಕಾಯಿ

ಬೃಂದಾ,

ನಾನು, ನಿಮ್ಮಪ್ಪ ಪಂಚನಹಳ್ಳಿಗೆ ಹೊರಟಿದ್ದೀವಿ, ಸಂಜೆವರೆಗೂ ಬರಲ್ಲ. ನಿನ್ನ ರೆಕಾರ್ಡಿಂಗಿನ ತುಂಬಾ ಅವರ ಕೆಮ್ಮೇ ಕೇಳುತ್ತೆ ಅಂದಿದ್ದೆಯಲ್ಲ, ಅದಕ್ಕೇ. "ನನ್ ಮನೇಲಿ ನಾನು ಕೆಮ್ಮಂಗೂ ಇಲ್ವೇನೇ?" ಅಂತ ಗೊಣಗುತ್ತಲೇ ಬೈಕ್ ತೆಗೆದರು.

ಹಸು, ಕರು ಎರಡನ್ನೂ ಪಕ್ಕದ್ಮನೆ ಕಲ್ಲಮ್ಮನ ಕೊಟ್ಟಿಗೆಯಲ್ಲಿ ಕಟ್ಟಿದ್ದೀನಿ. ಸದ್ದು ಮಾಡುತ್ತೆ ಅಂತ ಫ್ರಿಜ್ಜೂ ಆರಿಸಿದ್ದೀನಿ, ಮಧ್ಯಾಹ್ನ ಹಾಲು ಕಾಯಿಸು. ಸ್ಟುಡಿಯೋಗೆ ದುಡ್ಡಿಲ್ಲ ಅಂತ ಕೊಬ್ಬರಿ ಅಟ್ಟ ಹಿಡಿದೆ, ಸರಿ. ಸದ್ದು ಗುಂಯ್‌ಗುಡಬಾರದು ಅಂತ ಅಲ್ಲಿ ಗೋಡೆಗೆ ತೂಗುಹಾಕಿರುವ ನನ್ನ ಕಂಬಳಿಗಳನ್ನು ಆಮೇಲಾದರೂ ಮಡಚಿಡು.

ವಾರದಿಂದ ನಿಮ್ಮಜ್ಜಿಯ ಪದವನ್ನೇ ಹಾಡಿ ಹಾಡಿ, ರೆಕಾರ್ಡ್ ಮಾಡಿದ್ದನ್ನೆಲ್ಲ ಅಳಿಸುತ್ತಿದ್ದೀಯ. "ಜೀವ ಬರ್ತಿಲ್ಲ ಕಣಮ್ಮ" ಅಂತೀಯ. ಎಲ್ಲಿಂದ ಬರಬೇಕು? ಅವರು ಅದನ್ನು ನವಣೆ ಕುಟ್ಟುತ್ತಾ ಹಾಡುತ್ತಿದ್ದರು. ಅರ್ಧ ಹಾಡು, ಅರ್ಧ ಏದುಸಿರು. ನೀನು ಬಿಸಿನೀರು ಕುಡಿದು, ಕುರ್ಚಿ ಮೇಲೆ ಕೂತು ಹಾಡ್ತೀಯ.

ಅಂಗಳದಲ್ಲಿ ಕೊಬ್ಬರಿಗೆ ಅಂತ ಇಟ್ಟ ಕಾಯಿ ಹಾಗೇ ಬಿದ್ದಿದೆ. ಅಷ್ಟನ್ನೂ ಮಂಕರಿಯಲ್ಲಿ ಹೊತ್ತು ಅಟ್ಟಕ್ಕೆ ಹಾಕು. ಕೊನೇ ಮಂಕರಿ ಇಳಿಸಿದ ಕೂಡಲೇ, ದಣಿವಾರಿಸಿಕೊಳ್ಳದೆ, ಮೈಕ್ ಮುಂದೆ ನಿಂತು ಹಾಡು.

ಆಗಲೂ ಜೀವ ಬರದಿದ್ದರೆ, ಕಾಯಾದರೂ ಅಟ್ಟ ಸೇರಿರುತ್ತೆ.

ಅಮ್ಮ