ನಮ್ಮ ಅಕ್ಕನ ದನಿಗೆ ದಾರಿ ಬಿಡಿ

ಅಂತರ್ಜಾಲ ಸೇವಾ ಸಂಸ್ಥೆಯ ಕುಂದುಕೊರತೆ ವಿಭಾಗದ ಮುಖ್ಯಸ್ಥರೇ,

‘ಮಾನ್ಯರೇ’ ಎಂದು ಶುರು ಮಾಡಬೇಕಿತ್ತು. ನನ್ನ ದೂರಿಗೆ ನೀವು ಇಪ್ಪತ್ತಾರು ದಿನ ಕೊಟ್ಟ ಮರ್ಯಾದೆ ನೋಡಿದ ಮೇಲೆ ಆ ಪದ ಬರೆಯಲು ಕೈ ಏಳುತ್ತಿಲ್ಲ. ವಿಷಯ ಇಷ್ಟೇ. ಒಂದು ಮಾತು ಕೇಳದೆ, ಒಂದು ಸಾಲು ತಿಳಿಸದೆ, ನಮ್ಮ ಮನೆಯ ಅಂತರ್ಜಾಲ ಸಂಪರ್ಕಕ್ಕಿದ್ದ ಸ್ವಂತ ಐಪಿ ವಿಳಾಸವನ್ನು ನೀವು ಕಿತ್ತುಕೊಂಡಿರಿ. ಅದರೊಂದಿಗೆ ಆಸ್ಪತ್ರೆಯಲ್ಲಿ ಮಲಗಿರುವ ನನ್ನ ಅಕ್ಕನಿಗೆ ಉಳಿದಿದ್ದ ಮಾತೂ ಹೋಯಿತು.

ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಅಂಗಿಯ ಕಾಲರ್ ಹೊಲಿದವಳು. ಗೇಟಿನ ಮುಂದೆ ಎಣ್ಣೆ ಡ್ರಮ್ಮಿನ ಮೇಲೆ ಹತ್ತಿ ನಿಂತಳೆಂದರೆ ಮೈಕು ಬೇಕಿರಲಿಲ್ಲ. ಐದು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆಯಿತು. ಬುದ್ಧಿ ಚುರುಕಾಗಿದೆ, ಎಡಗೈ ಆಡುತ್ತದೆ, ಮಾತು ಮಾತ್ರ ಹೋಯಿತು. ಕಾರ್ಮಿಕ ಸಂಘದ ಗೆಳೆಯರು ವರ್ಷಗಟ್ಟಲೆ ತೆಗೆದಿಟ್ಟಿದ್ದ ಅವಳ ಭಾಷಣ, ಹಾಡು, ಬೀದಿನಾಟಕಗಳ ವಿಡಿಯೊ ಟೇಪುಗಳನ್ನು ಮನೆಮನೆಯಿಂದ ಹೊತ್ತು ತಂದು, ನಮ್ಮ ಹಳೆಯ ಕಂಪ್ಯೂಟರಿಗೆ ಒಂದೊಂದಾಗಿ ತುಂಬಿಸತೊಡಗಿದೆ. ಕಂಪ್ಯೂಟರು ಅಡುಗೆಮನೆಯ ಕಪಾಟಿನ ಮೇಲೆ ಗುಂಯ್ ಎನ್ನುತ್ತಿರುತ್ತದೆ. ಅಕ್ಕ ವಾರ್ಡಿನಲ್ಲಿ ಟ್ಯಾಬ್ ಹಿಡಿದು ಬೇಕಾದ್ದನ್ನು ಒತ್ತಿದರೆ ಇಲ್ಲಿಂದ ಅಲ್ಲಿಗೆ ಹೋಗಿ ಆಡುತ್ತದೆ. ಇದಕ್ಕೆ ಮೀಡಿಯಾ ಸರ್ವರ್ ಎನ್ನುತ್ತಾರಂತೆ. ಪ್ರೂಫ್ ತಿದ್ದುತ್ತಾ ಕಣ್ಣು ಸವೆಸಿಕೊಂಡ ನಾನು ಪುಸ್ತಕ ನೋಡಿ, ಎರಡು ಸಲ ಎಲ್ಲ ಅಳಿಸಿಹಾಕಿ, ಮೂರನೇ ಸಲಕ್ಕೆ ಕಟ್ಟಿದ್ದು.

ಕಾಯಿಲೆಯವಳ ಕಾಲಹರಣ ಎಂದುಕೊಂಡಿರಾ? ಊಟದ ಗಾಡಿ ತಡವಾದರೆ ಅಕ್ಕ ತನ್ನದೇ ಹಳೆಯ ಭಾಷಣ ಹುಡುಕಿ ಹಾಕುತ್ತಿದ್ದಳು: “ಇನ್ನೆಷ್ಟು ಹೊತ್ತು ಕಾಯಿಸ್ತೀರಿ? ನಾವೇನು ಕಲ್ಲಾ?” ಇಡೀ ವಾರ್ಡು ಗೊಳ್ಳೆನ್ನುತ್ತಿತ್ತು. ಗಾಡಿ ತಳ್ಳುವಾಕೆ, “ಬಂದೆ ಕಣಮ್ಮಾ ಬಂದೆ, ನಿಮ್ಮ ಮುಷ್ಕರ ನಿಲ್ಸಿ!” ಎಂದು ಓಡಿಬರುತ್ತಿದ್ದಳು. ಸೂಜಿ ಹಿಡಿದ ನರ್ಸು ಬಂದರೆ ನಾಟಕದ ಪೊಲೀಸನ ಸೀಟಿ. ಅಕ್ಕನಿಗೆ ಮಾತು ಕಲಿಸುವ ವೈದ್ಯೆ ನನಗೆ ಹೇಳಿದ್ದರು, “ಆರಿಸೋದೂ ಮಾತೇ ಸಾರ್. ಅವರು ಆರಿಸ್ತಾ ಇರ್ಲಿ, ಬಾಯಿಮಾತು ಅದರ ಹಿಂದೇನೇ ಬರುತ್ತೆ.” ಬಂತು ಕೂಡ. ಒಂದು ಮಧ್ಯಾಹ್ನ ಭಾಷಣದ ಜೊತೆಜೊತೆಗೆ ಅಕ್ಕನ ಬಾಯಿಂದಲೇ “ಕಲ್ಲಾ?” ಎಂದು ಹೊರಟಿತು. ನಾಲ್ಕು ತಿಂಗಳಲ್ಲಿ ಅದು ಮೊದಲ ಪದ. ಅದಾಗಿ ಆರನೇ ದಿನಕ್ಕೆ ನೀವು ನಮ್ಮ ವಿಳಾಸಕ್ಕೆ ಕೈ ಹಾಕಿದಿರಿ.

ಆಗ ವಾರ್ಡಿನಲ್ಲಿ ಸೋಂಕೆಂದು ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ವೈದ್ಯೆಯ ಫೋನಿನಲ್ಲಿ ವಿಡಿಯೊ ಕರೆ, ಅಷ್ಟೇ. ಅಕ್ಕ ಟ್ಯಾಬ್ ಎತ್ತಿ ತೋರಿಸುತ್ತಾಳೆ: ಬರೀ ತಿರುಗುವ ಚಕ್ರ. ನಾನು ಮನೆಯಲ್ಲಿ ನನ್ನ ಫೋನ್ ಒತ್ತುತ್ತೇನೆ: ಸೊಗಸಾಗಿ ಓಡುತ್ತದೆ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ.

“ಮನೇಲಿ ನೆಟ್ ಬರ್ತಿದೆಯಾ ಸಾರ್?”

“ಬರ್ತಿದೆಯಮ್ಮಾ. ಆಸ್ಪತ್ರೆಯಿಂದ ಮನೆ ಸಿಗ್ತಿಲ್ಲ.”

“ಮನೇಲಿ ಬರ್ತಿದೆ ಅಂದ್ರೆ ನಮ್ಮ ಕಡೆ ಏನೂ ಇಲ್ಲ ಸಾರ್. ಪೇಷಂಟ್ ಸರಿಯಾಗಿ ಒತ್ತುತ್ತಿಲ್ಲ ಅನ್ಸುತ್ತೆ.”

ಮರುದಿನ ನಿಮ್ಮ ಲೈನ್‌ಮನ್ ಬಂದ. ನನ್ನ ಕುರ್ಚಿಯಲ್ಲೇ ಕೂತು, ನನ್ನ ವೈಫೈನಲ್ಲೇ ನೋಡಿ, “ಆಹಾ, ನೀರು ಹರಿದ ಹಾಗೆ ಹೋಗ್ತಿದೆ!” ಎಂದು ನನಗೇ ಶಹಬ್ಬಾಸ್‌ಗಿರಿ ಕೊಟ್ಟು, ದೂರು ಮುಗಿಯಿತೆಂದು ರುಜು ಹಾಕಿಸಿಕೊಂಡು ಹೋದ. ಮನೆ ಹೊರಗಿನಿಂದ ಸಿಗುತ್ತಿಲ್ಲ ಎಂಬ ದೂರನ್ನು ಮನೆಯೊಳಗೆ ಕೂತು ಪರೀಕ್ಷಿಸುವ ಈ ವಿದ್ಯೆಯನ್ನು ನಿಮ್ಮಲ್ಲಿ ಯಾರು ಕಲಿಸುತ್ತಾರೆ? ಅವರಿಗೆ ಬಡ್ತಿ ಸಿಗುತ್ತದೆಯೇ?

ನಗಬೇಡಿ. ನಾನೂ ಅದನ್ನೇ ನಂಬಿದೆ. ಹನ್ನೊಂದು ದಿನ ಅಕ್ಕನ ಮೇಲೆ ರೇಗಿದೆ. “ಎಷ್ಟು ಸಲ ಹೇಳ್ಕೊಡ್ಲೇ ಅಕ್ಕಾ? ಮೊದಲು ಹೆಸರು ಒತ್ತು, ಆಮೇಲೆ ಬಾಣ! ಇಲ್ಲಿ ಎಲ್ಲ ಸರಿ ಇದೆ, ನಿನ್ನ ಕೈದೇ ತಪ್ಪು!” ಅವಳು ಟ್ಯಾಬನ್ನು ಬಡಿದು ತೋರಿಸಿದಳು, ತಲೆ ಆಡಿಸಿದಳು, ಗಂಟಲಲ್ಲಿ ಏನೇನೋ ಸದ್ದು ಮಾಡಿದಳು. ಸಾವಿರ ಹೆಂಗಸರ ಪರವಾಗಿ ಮಾಲೀಕರ ಜೊತೆ ವಾದ ಮಾಡಿ ಗೆದ್ದವಳಿಗೆ ಒಡಹುಟ್ಟಿದ ತಮ್ಮನೆದುರು ‘ನನ್ನ ತಪ್ಪಲ್ಲ’ ಎನ್ನಲು ಬಾಯಿರಲಿಲ್ಲ. ಹನ್ನೆರಡನೇ ದಿನ ವೈದ್ಯೆ ಫೋನ್ ಹಿಡಿದರೆ ಗೋಡೆಯ ಕಡೆ ಹೊರಳಿಕೊಂಡಳು.

ಆ ವೈದ್ಯೆಯೇ ಮೆತ್ತಗೆ ಕೇಳಿದರು: “ಸಾರ್, ನೀವು ಒಂದ್ಸಲನಾದ್ರೂ ವೈಫೈ ಆಫ್ ಮಾಡಿ ರಸ್ತೇಲಿ ನಿಂತು ನೋಡಿದ್ರಾ?”

ನೋಡಿರಲಿಲ್ಲ. ಲಾಂಡ್ರಿ ಅಂಗಡಿಯ ಮುಂದೆ ನಿಂತು ಫೋನಿನ ಡೇಟಾದಲ್ಲಿ ಒತ್ತಿದೆ. ಅದೇ ಚಕ್ರ. ಒಗೆದ ಬಟ್ಟೆ ಒಯ್ಯುವವರು ನನ್ನನ್ನು ಸುತ್ತಿಕೊಂಡು ಹೋಗುತ್ತಿದ್ದರು, ನಾನು ಮತ್ತೊಮ್ಮೆ ಒತ್ತಿದೆ. ಆಮೇಲೆ ಮನೆಗೆ ಬಂದು ರೂಟರಿನಲ್ಲಿ ನೋಡಿದೆ. ಅದು ತನ್ನದೆನ್ನುವ ವಿಳಾಸವೇ ಬೇರೆ, ಹೊರಜಗತ್ತಿಗೆ ಕಾಣುವ ನಮ್ಮ ವಿಳಾಸವೇ ಬೇರೆ. ಅಂದರೆ ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕಿದ್ದೀರಿ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನಿಂದ ಕರೆದರೆ ಯಾವ ಮನೆ ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ನನ್ನ ಬಾಗಿಲು ತೆರೆದಿಟ್ಟಿದ್ದೆ. ನೀವು ಬೀದಿಯನ್ನೇ ಮುಚ್ಚಿದ್ದಿರಿ.

ಕೇಳಿದರೆ ಇದು ‘ತಾಂತ್ರಿಕ ಸುಧಾರಣೆ’ಯಂತೆ. ಯಾರನ್ನು ಸುಧಾರಿಸಿತು ಸ್ವಾಮಿ? ವಿಪಿಎನ್ ಎಂಬ ಸುತ್ತುದಾರಿ ಹಿಡಿಯೋಣವೆಂದರೆ ಅದನ್ನು ಆಸ್ಪತ್ರೆಯ ಜಾಲ ತಡೆಯುತ್ತದೆ. ಟ್ಯಾಬಿನಲ್ಲಿ ಹಿಡಿಯುವಷ್ಟು, ಒಂದು ಹತ್ತು ವಿಡಿಯೊ ಅದಕ್ಕೇ ತುಂಬಿಸಿ ಕೊಡಿ ಎಂದರು ನಿಮ್ಮ ಕಚೇರಿಯವರು. ಕೊಟ್ಟೆ. ಅಕ್ಕ ಮುಟ್ಟಲಿಲ್ಲ. ಅವಳ ಮುನ್ನೂರು ಮಾತುಗಳಲ್ಲಿ ಹತ್ತನ್ನು ನಾನು ಆರಿಸಿದರೆ ಅದು ನನ್ನ ಮಾತಾಯಿತು, ಅವಳದಲ್ಲ. ಸೋಂಕು ಇಳಿದ ಮೇಲೆ ಹೋಗಿ ಅವಳ ಕಾಲು ಹಿಡಿದೆ. ಕಾಲು ಎಳೆದುಕೊಳ್ಳಲಿಲ್ಲ, ನನ್ನ ಕಡೆ ಮುಖವನ್ನೂ ತಿರುಗಿಸಲಿಲ್ಲ. ಮಾತು ಮರಳುವ ತಿಂಗಳುಗಳು ಇವೇ, ಕೈತಪ್ಪಿದರೆ ಮತ್ತೆ ಕಷ್ಟ ಎನ್ನುತ್ತಾರೆ ವೈದ್ಯೆ. ಆ ತಿಂಗಳುಗಳಲ್ಲಿ ಒಂದನ್ನು ನೀವೂ ನಾನೂ ಸೇರಿ ತಿಂದೆವು. ನನ್ನ ಪಾಲನ್ನು ನಾನು ಒಪ್ಪಿಕೊಂಡಿದ್ದೇನೆ. ನಿಮ್ಮ ಪಾಲು?

ನಮ್ಮ ವಿಳಾಸವನ್ನು ಇವತ್ತೇ ವಾಪಸು ಕೊಡಿ. ಹೀಗೆ ವಿಳಾಸ ಕಿತ್ತುಕೊಂಡ ಪ್ರತಿ ಮನೆಗೂ ಏನು ಮಾಡಿದಿರೆಂದು ಬರೆದು ತಿಳಿಸಿ. ಆಮೇಲೆ ಬನ್ನಿ, ಐದನೇ ವಾರ್ಡು, ಕಿಟಕಿ ಪಕ್ಕದ ಹಾಸಿಗೆ. ಅವಳೆದುರು ನಿಂತು ಒಂದೇ ವಾಕ್ಯ ಹೇಳಿ: “ಅಮ್ಮಾ, ನೀವು ಸರಿಯಾಗಿಯೇ ಒತ್ತಿದ್ದಿರಿ.” ನಾನು ಎಷ್ಟು ಸಲ ಹೇಳಿದರೂ ಅವಳು ನಂಬುತ್ತಿಲ್ಲ.

ಇಂತಿ,
ನಿಮ್ಮ ಮಾತು ನಂಬಿ ಅಕ್ಕನನ್ನು ನಂಬದ ತಮ್ಮ