ಕಿಸಿಂಬಾದಲ್ಲಿ ನಾನು ಉಣ್ಣದ ಇಪ್ಪತ್ತೊಂದು ಊಟ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತು, 2214

ಪೂಜ್ಯ ವಿದ್ಯಾವತಿ ಅಜ್ಜಿಯವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮವರು ತಿಂಗಳುಗಳನ್ನು ಸರಿದೂಗಿಸಿ ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ಬಹಳ ವರ್ಷಗಳಾದವು. ಈ ಕಾಗದ ತಲುಪುವಾಗ ನಿಮಗಿನ್ನೂ ಮೂವತ್ತೆರಡು, ನನಗೆ ಐವತ್ತೆಂಟು. ಆದರೂ ನೀವು ಏಳು ತಲೆಮಾರು ಹಿಂದಿನವರು, ಅಜ್ಜಿ ಎನ್ನದೆ ಗತಿಯಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಿಂದಿನವರಿಗೆ ಕಾಗದ ಬರೆಯಲು ನಮ್ಮಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಅನುಮತಿ. ಎಂದಾದರೂ ಒಳ್ಳೆಯ ಸುದ್ದಿ ಹೇಳೋಣವೆಂದು ಉಳಿಸಿಟ್ಟುಕೊಂಡಿದ್ದೆ. ಈಗ ತಪ್ಪೊಪ್ಪಿಕೊಳ್ಳಲು ಬಳಸುತ್ತಿದ್ದೇನೆ.

ನೀವೀಗ ಧಾರವಾಡದಲ್ಲಿ ಕುಳಿತು ಭಾರತದ ಮತ್ತು ಮಲೇಷ್ಯಾದ ಕಂಪನಿಗಳು ನಲವತ್ತು ವರ್ಷಗಳಲ್ಲಿ ಹೊರದೇಶಗಳಲ್ಲಿ ಎಷ್ಟು ನೇರ ಬಂಡವಾಳ ಹೂಡಿದವು ಎಂದು ಹೋಲಿಸಿ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೀರಿ. ಅದರಲ್ಲೊಂದು ಅಡಿಟಿಪ್ಪಣಿ ಇದೆ: ಎಷ್ಟು ಹಣ ಹೊರಟಿತೆಂದು ನಕ್ಷೆಯ ಈ ಗೆರೆಗಳು ಹೇಳುತ್ತವೆ, ಇಳಿದ ಊರಿನಲ್ಲಿ ಅದು ಏನು ಮಾಡಿತೆಂದು ಹೋಗಿ ನೋಡಿದವರಿಲ್ಲ. ಅದು ವಿಷಯಕ್ಕೆ ಹೊರತಾದದ್ದು, ತೆಗೆಯಿರಿ ಎಂದು ನಿಮ್ಮ ಮಾರ್ಗದರ್ಶಕರು ಹೇಳಲಿದ್ದಾರೆ. ದಯವಿಟ್ಟು ತೆಗೆಯಬೇಡಿ. ಅರವತ್ತು ವರ್ಷಗಳ ನಂತರ ಯಾರೋ ಅದನ್ನು ಓದಿ, ಜಗಳವಾಡಿ, ಎರಡು ದೇಶಗಳೂ ಒಪ್ಪುವ ಒಂದು ನಿಯಮ ಮಾಡಿಸಿದರು. ಆ ನಿಯಮವನ್ನು ಮುರಿದವಳು ನಾನು, ನಿಮ್ಮದೇ ವಂಶದವಳು. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ನಿಯಮ ಸರಳ. ಹೊರದೇಶಕ್ಕೆ ಹೋದ ಯಾವ ಬಂಡವಾಳವೂ ಅದರ ಉಂಡಸಾಕ್ಷಿ ಸಿಗುವ ತನಕ ಎಣಿಕೆಗೆ ಬರುವುದಿಲ್ಲ. ಉಂಡಸಾಕ್ಷಿ ಎಂದರೆ ಹಣ ಇಳಿದ ಊರಿಗೆ ಹೋಗಿ, ಅಲ್ಲಿನ ಕೆಲಸಗಾರರ ಅಡುಗೆಮನೆಯಲ್ಲಿ, ಅವರು ಉಣ್ಣುವುದನ್ನೇ ಇಪ್ಪತ್ತೊಂದು ಹೊತ್ತು ಉಂಡು, ಅವರು ಕುಡಿಯುವ ನೀರನ್ನೇ ಕುಡಿದು, ಕಂಡದ್ದನ್ನು ಬರೆದು ಸಹಿ ಹಾಕುವ ಸರ್ಕಾರಿ ನೌಕರ. ನಾನು ಇಪ್ಪತ್ತಾರು ವರ್ಷದಿಂದ ಅದೇ ಕೆಲಸದಲ್ಲಿದ್ದೇನೆ. ಬಿಸಿಲಿಗೆ ಹೆದರಿ ನಮ್ಮ ಕಚೇರಿ ನಸುಕಿನ ನಾಲ್ಕಕ್ಕೆ ತೆರೆದು ಒಂಬತ್ತಕ್ಕೆ ಮುಚ್ಚುತ್ತದೆ. ಎದುರಿನ ಪೇಟೆಯಲ್ಲಿ ನೆರಳಿಗೆಂದು ಬೀದಿಯುದ್ದಕ್ಕೂ ಬಟ್ಟೆ ಕಟ್ಟಿರುತ್ತಾರೆ. ಅದರ ಒಂದು ತುದಿಯಲ್ಲಿ ಹೋಲಿಕೆಯ ಪರದೆ ತೂಗುತ್ತದೆ; ಕೆಂಪು ದಾರದ ಗೆರೆ ನಮ್ಮದು, ಹಸಿರು ಮಲೇಷ್ಯಾದ್ದು, ವರ್ಷಕ್ಕೊಮ್ಮೆ ಹೊಲಿದು ಮುಂದುವರಿಸುತ್ತಾರೆ. ನಿಮ್ಮ ಕಾಲದವರು ಕ್ರಿಕೆಟ್ ಸ್ಕೋರ್ ಕೇಳುತ್ತಿದ್ದ ಹಾಗೆ ಜನ ಅದನ್ನು ಕೇಳುತ್ತಾರೆ. ಸೊಪ್ಪು ಮಾರುವ ಫಕೀರವ್ವ ದಿನವೂ ನನ್ನನ್ನು ಕಾಡುತ್ತಿದ್ದಳು: "ಏನ್ರಿ ಅಕ್ಕಾರ, ಮಲೇಷ್ಯಾದವ್ರು ಇನ್ನೂ ಮ್ಯಾಲ ಅದಾರೇನ್ರಿ?"

ಅವರು ಮೇಲೇ ಇದ್ದರು, ಸತತ ಹತ್ತೊಂಬತ್ತು ವರ್ಷ. ಕಳೆದ ವರ್ಷ ನಮಗೆ ಮುಂದೆ ಹೋಗುವ ಅವಕಾಶ ಬಂತು. ನಮ್ಮ ಕಡೆಯ ಒಂದು ಕಂಪನಿ ಐದು ವರ್ಷ ಮೊದಲೇ ತಾಂಜಾನಿಯಾದ ಕಡಲತೀರದ ಕಿಸಿಂಬಾ ಎಂಬ ಪುಟ್ಟ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ದೊಡ್ಡ ಗಿರಣಿ ಕಟ್ಟಿತ್ತು. ಅಲ್ಲಿಯ ತನಕ ಬಾಕಿಯಿದ್ದ ಅದರ ಸಾಕ್ಷಿ ನನ್ನ ಪಾಲಿಗೆ ಬಂತು. ಕಾರವಾರದಿಂದ ಗಾಳಿಯ ಬಲದಿಂದ ಸಾಗುವ ಹಡಗಿನಲ್ಲಿ ಹದಿನಾಲ್ಕು ದಿನದ ದಾರಿ, ಊಟಗಳಿಗೆ ಏಳು ದಿನ, ಎಣಿಕೆ ಮುಗಿಯಲು ಉಳಿದದ್ದು ಇಪ್ಪತ್ತೇ ದಿನ. ನಮ್ಮ ಮೇಲಧಿಕಾರಿ ಹಂಚಿನಮನಿಯವರು ನನ್ನ ಮೇಜಿನ ಹತ್ತಿರ ಬಂದು, "ಒಂದ್ ಸಹಿ ಹಾಕಿಬಿಡ್ರಿ ಮಹಾನಂದಾ ಅಕ್ಕಾರ. ಅನ್ನ ಎಲ್ಲಿದ್ರೂ ಅನ್ನನ ಅಲ್ಲೇನ್ರಿ?" ಎಂದರು. ತಪ್ಪನ್ನು ಅವರ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ. ನನಗೂ ಆ ಕೆಂಪು ದಾರ ಮೇಲೆ ಹೋಗುವುದು ಬೇಕಿತ್ತು. ಮನೆಯ ಕಟ್ಟೆಯ ಮೇಲೆ ಕುಳಿತು ಇಪ್ಪತ್ತೊಂದು ಊಟಗಳನ್ನು ಕಲ್ಪಿಸಿ ಬರೆದೆ. ತೆಂಗಿನ ಹಾಲಿನ ಅನ್ನ, ಸುಟ್ಟ ಮೀನು, ಹುಣಸೆಯ ಸಾರು. ಬರೆಯುತ್ತಾ ನನಗೇ ಹಸಿವಾಯಿತು, ಅಷ್ಟು ಚೆನ್ನಾಗಿ ಬರೆದಿದ್ದೆ. ಪರದೆಯಲ್ಲಿ ಕೆಂಪು ಗೆರೆ ಹಸಿರನ್ನು ದಾಟಿದ ದಿನ ಪೇಟೆಯಲ್ಲಿ ಪೇಡೆ ಹಂಚಿದರು, ನಾನೂ ಎರಡು ತಿಂದೆ.

ಮೂರು ತಿಂಗಳ ಕೆಳಗೆ ಕಿಸಿಂಬಾದಿಂದ ಒಂದು ಪತ್ರ ಬಂತು. ಬರೆದವಳು ಝುಹುರಾ, ಗಿರಣಿಯ ಅಡುಗೆಮನೆ ನೋಡಿಕೊಳ್ಳುವವಳು. ಅದರಲ್ಲಿ ಬೈಗುಳ ಇರಲಿಲ್ಲ. ಸಾಕ್ಷಿ ಬರುತ್ತಾರೆಂದು ಹೊಸ ಚಾಪೆ ನೇಯಿಸಿ, ಏಳು ದಿನ ಮೂರು ಹೊತ್ತೂ ಒಂದು ತಟ್ಟೆ ಹೆಚ್ಚಿಗೆ ಬಡಿಸಿ ಕಾದರಂತೆ. ಆಮೇಲೆ ಯಾರೋ ನನ್ನ ವರದಿಯನ್ನು ಅವರ ಭಾಷೆಯಲ್ಲಿ ಓದಿ ಹೇಳಿದರಂತೆ. "ನಮ್ಮ ಕಡಲಿನಲ್ಲಿ ಗಿರಣಿಯ ಬಣ್ಣ ಬಿದ್ದು ಮೀನು ಕಾಣದೆ ನಾಲ್ಕು ವರ್ಷವಾಯಿತು. ನೀವು ಯಾರ ಮನೆಯಲ್ಲಿ ಉಂಡಿರಿ ತಾಯಿ?" ಎಂದು ಕೇಳಿದ್ದಳು. ಗಿರಣಿಯ ಆಳವಾದ ಕೊಳವೆಬಾವಿಗಳು ಸಿಹಿನೀರನ್ನೆಲ್ಲ ಎಳೆದು, ಊರಿನ ಬಾವಿಗಳಿಗೆ ಸಮುದ್ರ ನುಗ್ಗಿದೆ. ಹೋಗಿದ್ದರೆ ಮೊದಲ ತುತ್ತಿನಲ್ಲೇ ನನಗೆ ಗೊತ್ತಾಗುತ್ತಿತ್ತು. ನನ್ನ ಸಹಿ ಇರುವ ತನಕ ಆ ಗಿರಣಿ ನಮ್ಮ ಪಾಲಿಗೆ ಒಳ್ಳೆಯ ಹೂಡಿಕೆ, ನಿಯಮದ ಪ್ರಕಾರ ಇನ್ನು ಹತ್ತು ವರ್ಷ ಅದರ ಪಂಪುಗಳನ್ನು ಯಾರೂ ನಿಲ್ಲಿಸುವಂತಿಲ್ಲ. ಸಹಿ ಹಿಂತೆಗೆದುಕೊಂಡರೆ ಮಾತ್ರ ಅವು ಮರುದಿನವೇ ನಿಲ್ಲಬೇಕು. ಇಷ್ಟು ಗೊತ್ತಿದ್ದೂ ಆ ಪತ್ರವನ್ನು ಮೂರು ತಿಂಗಳು ಸೀರೆಗಳ ಕೆಳಗೆ ಬಚ್ಚಿಟ್ಟಿದ್ದೆ. ಸುಳ್ಳು ಬರೆದದ್ದಕ್ಕಿಂತ ಈ ಮೂರು ತಿಂಗಳು ನನ್ನನ್ನು ಹೆಚ್ಚು ಸುಡುತ್ತಿವೆ, ಏಕೆಂದರೆ ಅಷ್ಟು ದಿನವೂ ಅವರು ಅದೇ ನೀರು ಕುಡಿದರು.

ಇವತ್ತು ಬೆಳಿಗ್ಗೆ ಸಹಿ ಹಿಂತೆಗೆದುಕೊಂಡೆ. ಸಾಕ್ಷಿ ಸುಳ್ಳಾದರೆ ಪರದೆಯ ಹೊಲಿಗೆಯನ್ನು ಅದೇ ಸಾಕ್ಷಿ ಜನರ ಮುಂದೆ ಬಿಚ್ಚಬೇಕು. ಏಣಿ ಹತ್ತಿ ಒಂದೂವರೆ ಗಂಟೆ ಬಿಚ್ಚಿದೆ; ಎರಡು ಸಲ ಸೂಜಿ ಚುಚ್ಚಿತು. "ಏನ ಬೇ, ನಮ್ಮೂರ ಮರ್ಯಾದಿ ಬಿಚ್ಚಾಕತ್ತೀಯೇನ?" ಎಂದು ಕೆಳಗಿನಿಂದ ಕೂಗಿದವಳು ಫಕೀರವ್ವ. ನಾನು ಮುಂದಿನ ಹೊಲಿಗೆ ಬಿಚ್ಚಿದೆ. ಹಸಿರು ಗೆರೆ ಮತ್ತೆ ಮೇಲಿದೆ. ನನ್ನ ಕೆಲಸ ಹೋಯಿತು. ನೀವು ಹೆಮ್ಮೆಪಡುವಂಥದ್ದು ಇದರಲ್ಲಿ ಏನೂ ಇಲ್ಲ ಅಜ್ಜಿ, ಮೊದಲೇ ಮಾಡಬೇಕಾದ್ದನ್ನು ತಡವಾಗಿ ಮಾಡಿದ್ದೇನೆ ಅಷ್ಟೆ.

ನಾಳೆ ಕಾರವಾರದಿಂದ ಹಡಗು ಹತ್ತುತ್ತೇನೆ. ನೌಕರಳಾಗಿ ಅಲ್ಲ, ಇಪ್ಪತ್ತೊಂದು ಊಟ ಬಾಕಿ ಉಳಿಸಿಕೊಂಡವಳಾಗಿ. ಬರಬಹುದೇ ಎಂದು ತಿಂಗಳ ಕೆಳಗೆ ಝುಹುರಾಳನ್ನು ಕೇಳಿ ಬರೆದಿದ್ದೆ. ಅವಳ ಉತ್ತರ ನಿನ್ನೆ ಬಂತು: "ಬನ್ನಿ, ತಟ್ಟೆ ಇದೆ. ಅನ್ನಕ್ಕೆ ಉಪ್ಪು ಹಾಕುವುದನ್ನು ನಾವು ಬಿಟ್ಟಿದ್ದೇವೆ, ನೀರಿನಲ್ಲೇ ಇರುತ್ತದೆ."

ಹೋಗಿ ಉಣ್ಣುತ್ತೇನೆ.

ನಿಮ್ಮ ಕುಡಿ,
ಮಹಾನಂದಾ