ಲಾವೆಲ್‌ನ ಎಡಗಾಲು

ಜುಲೈ ೧೯, ಶನಿವಾರ

ಲಾವೆಲ್‌ನ ಮಂಡಿಯ ಚಿಂತೆ ಇವತ್ತೂ ಬಿಡಲಿಲ್ಲ. ಸೋಮವಾರ ಅವನ ಅಮೆರಿಕನ್ ಫುಟ್‌ಬಾಲ್ ತಂಡದ ಶಿಬಿರ ಶುರು. ಎಡ ಮಂಡಿಯ ಲಿಗಮೆಂಟ್ ಹರಿದು ವರ್ಷವಾಯಿತು. ವಾಸಿಯಾಗಿದೆ ಎಂದು ಡಾಕ್ಟರೇ ಹೇಳಿದರೂ ಎಡಗಾಲಿನ ಮೇಲೆ ಭಾರ ಹಾಕಲು ಹೆದರುತ್ತಾನೆ. ಹೀಗೇ ಹೆದರಿದರೆ ತಂಡದಲ್ಲಿ ಇಟ್ಟುಕೊಳ್ಳುವುದಿಲ್ಲ. ಎದುರು ತಂಡದ ಚೆಂಡೆಸೆಯುವವರನ್ನು ಎಂಟು ವರ್ಷ ನೆಲಕ್ಕೆ ಕೆಡವಿದ ನನ್ನ ಅಕ್ಕನ ಮಗ, ಲೂಯಿಸಿಯಾನಾಕ್ಕೆಲ್ಲ ಹೆಸರಾದವನು. ಚಿಕ್ಕಂದಿನಿಂದ ಆಟ ಕಲಿಸಿದವನು ನಾನು, ಅದರಲ್ಲಿ ಅರ್ಧ ಹೆಸರು ನನ್ನದು, ಆದರೆ ಯಾರೂ ಒಪ್ಪುವುದಿಲ್ಲ.

ಸಂಜೆ ಹಿತ್ತಲಲ್ಲಿ ನಮ್ಮ ಹಳೆಯ ಆಟ ಹೂಡಿದೆ. ಮೀನು ಹಿಡಿಯುವ ಕೋಲಿಗೆ ಚೆಂಡು ಕಟ್ಟಿ ನೆಲದ ಮೇಲಿಟ್ಟೆ. ಅವನು ಒಂದು ಕೈ ಹುಲ್ಲಿಗೂರಿ ಬಗ್ಗಿದ. ಚೆಂಡು ಅಲುಗಿದರೆ ಮಾತ್ರ ನುಗ್ಗಬೇಕು. ನನ್ನ ಬಾಯಿಮಾತಿಗೆ ಮೋಸಹೋದರೆ ಸೋತಂತೆ.

"ಹೊರಡೋ, ಹೇಸರಗತ್ತೆ" ಎಂದೆ. ಅಲುಗಲಿಲ್ಲ. "ನಿಮ್ಮಮ್ಮನೇ ನಿನಗಿಂತ ಜೋರಾಗಿ ಓಡ್ತಾಳೆ."

"ಚೆಂಡು ಎಳಿ ಮಾವ, ಸೊಳ್ಳೆ ತಿಂತಿವೆ."

ಅಡಿಗೆಮನೆ ಕಿಟಕಿಯಿಂದ ಅಕ್ಕ ಒಡೆಸ್ಸಾ, "ನನ್ನ ಸುದ್ದಿಗೆ ಬಂದ್ರೆ ಇಬ್ರಿಗೂ ಮೀನಿಲ್ಲ" ಎಂದಳು. ಅವನು ನಕ್ಕ. ಅದೇ ಹೊತ್ತಿಗೆ ಎಳೆದೆ.

ಗುರಿಗೆಂದು ನಿಲ್ಲಿಸಿದ್ದ ಕಸದ ಡಬ್ಬಿ ಬೇಲಿ ದಾಟಿ ಬಿತ್ತು. ನುಗ್ಗುವಾಗ ಅವನು ಎಡಗಾಲಿನ ಮೇಲೇ ಪೂರ್ತಿ ಭಾರ ಹಾಕಿ ಚಿಮ್ಮಿದ್ದ, ಅವನಿಗದು ಗೊತ್ತೇ ಆಗಿಲ್ಲ. ನಾನು ಹೇಳಿಲ್ಲ. ಹೇಳಿದರೆ ಮತ್ತೆ ಆ ಕಾಲನ್ನೇ ನೆನೆಯುತ್ತಾನೆ.

ಊಟದ ಹೊತ್ತಿನಲ್ಲಿ ಆ ಮಾತು ಬಾಯಿಗೆ ಬಂದಾಗಲೆಲ್ಲ ಮೀನು ತುರುಕಿಕೊಂಡೆ. ಸೋಮವಾರದವರೆಗೆ ಹೀಗೇ ಇರಬೇಕು. ನಾನು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ, ಆದರೆ ಅದನ್ನೂ ಯಾರಿಗೆ ಹೇಳಲಿ?